ಮನೆಶಿಕ್ಷಣಕ್ಕೆ ಹೊರಗಿನ ಆಸರೆ: ಅವಲಪಲ್ಲಿಯ ನೆಲೆಯಿಂದ

ಶಾಲೆ ಮುಗಿದ ಬಳಿಕ ಹಣ ಕೊಟ್ಟು ಹೇಳಿಸಿಕೊಳ್ಳುವ ಪಾಠವನ್ನು ಕನ್ನಡದಲ್ಲಿ ‘ಮನೆಪಾಠ’ ಎನ್ನುತ್ತೇವೆ. ಮರಾಠಿಯ ‘ಶಿಕವಣಿ’ಯೂ ಈ ಅರ್ಥದ್ದೇ. ಮಗುವಿನ ಕಲಿಕೆಯ ಹೊಣೆಯನ್ನು ಮನೆಯೇ ಹೊರುವ ಕ್ರಮವನ್ನು ಇದರಿಂದ ಬೇರ್ಪಡಿಸಿ ‘ಮನೆಶಿಕ್ಷಣ’ ಎನ್ನಬಹುದು. ಹೊಸೂರಿನ ಬಳಿಯ ಅವಲಪಲ್ಲಿಯಂತಹ ಗಡಿಯೂರುಗಳ ಕನ್ನಡ ಮನೆಗಳಿಗೆ ಒಂದು ವಿಷಯದ ಮಟ್ಟಿಗಾದರೂ ಇದು ಅನಿವಾರ್ಯವಾಗುತ್ತಿದೆ. ಆ ವಿಷಯ ಕನ್ನಡವೇ.

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ೨೦೦೪ರಲ್ಲಿ ರಚನೆಯಾದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವಿರಬೇಕೆಂದು ಸಂವಿಧಾನದ ೩೫೦-ಎ ವಿಧಿ ಹೇಳುತ್ತದೆ. ತಮಿಳುನಾಡಿನ ೨೦೦೬ರ ತಮಿಳು ಕಲಿಕೆ ಕಾಯ್ದೆಯು ತಮಿಳನ್ನು ಮೊದಲ ಭಾಗದ ಕಡ್ಡಾಯ ಭಾಷೆಯನ್ನಾಗಿಸಿ, ಇತರ ಮಾತೃಭಾಷೆಗಳಿಗೆ ಐಚ್ಛಿಕ ಸ್ಥಾನವನ್ನು ನೀಡಿತು. ವಾಸಿಸುವ ನೆಲದ ನುಡಿಯನ್ನು ಕಲಿಯುವುದು ಲಾಭವೇ. ಆದರೆ ಐಚ್ಛಿಕವಾದುದು ಅಂಗಳದಿಂದಾಚೆಗೆ ಸರಿಯದಂತೆ ನೋಡಿಕೊಳ್ಳುವವರು ಯಾರು?

ಮನೆಯೊಂದೇ ಸಾಲದೆಂಬುದನ್ನು ಸ್ವಾನುಭವದಿಂದ ಬಲ್ಲೆ. ನನ್ನ ಶಾಲಾದಿನಗಳು ಮರಾಠಿ ಕನ್ನಡಗಳ ನಡುವೆ ಹಂಚಿಹೋಗಿದ್ದವು. ಮರಾಠಿ ಬರಹದಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳೆಂಬ ಭೇದವಿಲ್ಲ. ಹೀಗಾಗಿ ಒಮ್ಮೆ ‘ಕೆರೆಯಲ್ಲಿ ಈಜಿದೆ’ ಎನ್ನುವಲ್ಲಿ ‘ಕೇರೆಯಲ್ಲಿ ಈಜಿದೆ’ ಎಂದು ಬರೆದೆ. ಅವ್ವ ನಕ್ಕು ತಿದ್ದಿದಳು. ತಪ್ಪಿನ ಕಾರಣವನ್ನು ವಿವರಿಸಲಾರದೆ ಹೋದಳು. ತಮಿಳಿನಲ್ಲಿ ಓದುವ ಮಗುವಿನ ತೊಡಕು ಬೇರೆ ಬಗೆಯದು. ಆ ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ ‘ಗಡಿ’ಯು ಬರೆಯುವಾಗ ‘ಕಡಿ’ಯಾಗಬಹುದು. ಇದು ಮಗುವಿನ ದಡ್ಡತನವಲ್ಲ, ಎರಡು ಲಿಪಿವ್ಯವಸ್ಥೆಗಳ ನಡುವಿನ ಅಂತರ. ಇದನ್ನು ತಿಳಿಸಿ ಹೇಳುವವರು ಬೇಕು. ಆ ಆಸರೆಯನ್ನು ಹೊರಗೆ ಅರಸಬೇಕು.

ಮೊದಲನೆಯ ಆಸರೆ ನೆರೆಹೊರೆಯದು. ಮೂರು ನಾಲ್ಕು ಮನೆಗಳು ಕೂಡಿ ವಾರಕ್ಕೊಮ್ಮೆ ನಡೆಸುವ ಓದುಬಳಗಕ್ಕೆ ಒಂದು ಜಗಲಿ ಸಾಕು. ಕಾವ್ಯವನ್ನು ಓದಿ ಕೇಳಿಸುವ ಗಮಕದ ಪರಂಪರೆ ನಮ್ಮದು. ಕಿವಿಯಿಂದ ಕಲಿತ ನುಡಿ ಕಣ್ಣಿಗೆ ಬೇಗ ಒಗ್ಗುತ್ತದೆ.

ಎರಡನೆಯದು ಪರೀಕ್ಷೆಗಳ ಆಸರೆ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ಶಾಲೆಯ ಹೊರಗಿನ ಕಲಿಕೆಗೆ ಮೆಟ್ಟಿಲುಗಳನ್ನು ಕಟ್ಟಿಕೊಡುತ್ತವೆ. ಗುರಿಯಿಲ್ಲದ ಮನೆಯ ಓದು ಹಬ್ಬ ಹರಿದಿನಗಳ ನೆಪದಲ್ಲಿ ನಿಂತುಹೋಗುವುದುಂಟು. ಪರೀಕ್ಷೆ ಅದಕ್ಕೊಂದು ಗಡುವನ್ನು ಕೊಡುತ್ತದೆ.

ಮೂರನೆಯದು ಶಾಲೆಯನ್ನೇ ಬಿಟ್ಟು ಮನೆಯಲ್ಲಿ ಕಲಿಯುವವರಿಗೆ. ೧೯೮೯ರಲ್ಲಿ ಆರಂಭವಾದ ಇಂದಿನ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮಾಧ್ಯಮಿಕ ಪರೀಕ್ಷೆಗೆ ೧೪ ವರ್ಷ ತುಂಬಿದವರು ನೋಂದಾಯಿಸಿಕೊಳ್ಳಬಹುದು. ಭಾಷಾ ವಿಷಯವಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಇಂತಹ ಕುಟುಂಬಗಳು ಪರಸ್ಪರ ಅನುಭವ ಹಂಚಿಕೊಳ್ಳಲು ‘ಸ್ವಶಿಕ್ಷಣ್’ ಎಂಬ ಭಾರತೀಯ ಸಂಘವೂ ಇದೆ.

ನಾಲ್ಕನೆಯದು ಸರ್ಕಾರದ್ದು. ಗಡಿಭಾಗದ ಕನ್ನಡ ಕಾರ್ಯಗಳಿಗೂ ನೆರವಾಗುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಇಂತಹ ಕಡೆ ಒಂಟಿ ಮನೆಯ ಮನವಿಗಿಂತ ಬಳಗದ ಮನವಿಗೆ ತೂಕ ಹೆಚ್ಚು. ಆದುದರಿಂದಲೇ ಬಳಗವನ್ನು ಮೊದಲನೆಯ ಆಸರೆ ಎಂದದ್ದು.

ವಿದ್ಯಾರ್ಥಿಮಿತ್ರರೇ, ಐದನೆಯ ಆಸರೆ ನೀವು. ಐಚ್ಛಿಕ ಕನ್ನಡದ ವರ್ಣಮಾಲೆ, ಸಂಧಿ, ಛಂದಸ್ಸುಗಳನ್ನು ಉತ್ತರಪತ್ರಿಕೆಗಷ್ಟೇ ಮೀಸಲಿಡಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಬೇರೆ ಮಾಧ್ಯಮದಲ್ಲಿ ಓದುತ್ತಿರುವ ಮಗುವೊಂದರಿಂದ ಹತ್ತು ಕನ್ನಡ ವಾಕ್ಯಗಳನ್ನು ಬರೆಯಿಸಿರಿ. ತಪ್ಪುಗಳನ್ನು ಎಣಿಸುವುದು ಬೇಡ. ಅವುಗಳ ಕಾರಣವನ್ನು ಗುರುತಿಸಿ, ಆ ಮಗುವಿಗೆ ಅರ್ಥವಾಗುವಂತೆ ತಿಳಿಸಿರಿ. ನಮ್ಮ ಅವ್ವಂದಿರು ನಕ್ಕು ತಿದ್ದಿದ್ದನ್ನು ಕಾರಣಸಹಿತವಾಗಿ ಹೇಳಬಲ್ಲ ವಿದ್ಯೆ ನಿಮಗೆ ದೊರೆತಿದೆ.