ಮಂಜುಗಡ್ಡೆಯ ಕೆಳಗಿನ ಮೀನಿಗೆ ಗಾಳ

ನೀರು ತಣಿದಂತೆಲ್ಲ ಕುಗ್ಗುತ್ತದೆ. ಆದರೆ ೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿದ ಮೇಲೆ ಹಿಗ್ಗತೊಡಗುತ್ತದೆ. ಈ ಮಾತನ್ನು ನಾವೆಲ್ಲರೂ ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಟ್ಟಿರುತ್ತೇವೆ. ಅಮೆರಿಕದ ಉತ್ತರ ಭಾಗದಲ್ಲಿರುವ ಮಿನೆಸೋಟ, ವಿಸ್ಕಾನ್ಸಿನ್ ಮೊದಲಾದ ಸಂಸ್ಥಾನಗಳಲ್ಲಿ ಇದು ಮರೆಯತಕ್ಕ ಮಾತಲ್ಲ. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ. ಜನರು ಅವುಗಳ ಮೇಲೆ ನಡೆದುಹೋಗಿ, ಮಂಜುಗಡ್ಡೆಯಲ್ಲಿ ಏಳೆಂಟು ಅಂಗುಲ ಅಗಲದ ರಂಧ್ರವನ್ನು ಕೊರೆದು, ಅದರೊಳಗೆ ಗಾಳವನ್ನು ಇಳಿಬಿಡುತ್ತಾರೆ. ೪ ಡಿಗ್ರಿಯ ಭಾರವಾದ ನೀರು ತಳಕ್ಕಿಳಿದು ನಿಲ್ಲುತ್ತದೆ. ಅದಕ್ಕಿಂತ ತಣ್ಣನೆಯ ನೀರು ಹಗುರವಾಗಿ ಮೇಲುಳಿದು ಗಡ್ಡೆಯಾಗುತ್ತದೆ. ಆದುದರಿಂದಲೇ ಮೇಲೆ ಮನುಷ್ಯನು ನಿಲ್ಲುವುದೂ ಕೆಳಗೆ ಮೀನು ಬದುಕುವುದೂ ಸಾಧ್ಯವಾಗಿದೆ.

ಹೀಗೆ ಹಿಡಿಯುವ ಮೀನುಗಳಲ್ಲಿ ಬ್ಲೂಗಿಲ್, ಕ್ರಾಪಿ, ಹಳದಿ ಪರ್ಚ್ ಎಂಬುವು ಮುಖ್ಯವಾದುವು. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವಷ್ಟು ಚಿಕ್ಕವಾದುದರಿಂದ ಅಲ್ಲಿಯವರು ಇವನ್ನು 'ಪ್ಯಾನ್‌ಫಿಷ್', ಎಂದರೆ ಬಾಣಲೆ ಮೀನು, ಎಂದು ಕರೆಯುತ್ತಾರೆ. ಮೀನು ಶೀತರಕ್ತದ ಪ್ರಾಣಿ; ನೀರಿನ ಉಷ್ಣತೆಯೇ ಅದರ ದೇಹದ ಉಷ್ಣತೆ. ಹತ್ತು ಡಿಗ್ರಿ ತಣಿದರೆ ಇಂತಹ ಪ್ರಾಣಿಗಳ ದೇಹವ್ಯಾಪಾರವು ಸ್ಥೂಲವಾಗಿ ಅರ್ಧಕ್ಕಿಳಿಯುತ್ತದೆ. ಬೇಸಗೆಯಲ್ಲಿ ೨೪ ಡಿಗ್ರಿಯ ನೀರಿನಲ್ಲಿ ಚುರುಕಾಗಿ ಈಜುತ್ತಿದ್ದ ಮೀನು ೪ ಡಿಗ್ರಿಯಲ್ಲಿ ಹೇಗಿದ್ದೀತೆಂಬುದನ್ನು ನಾವೇ ಲೆಕ್ಕಹಾಕಬಹುದು. ಅದಕ್ಕೆ ಹಸಿವು ಕಡಿಮೆ, ಅವಸರವಿಲ್ಲ. ಬ್ಲೂಗಿಲ್ ಮೀನು ಎರೆಯನ್ನು ಕಚ್ಚಿ ಎಳೆಯುವುದೂ ಇಲ್ಲ. ಬಾಯಿ ತೆರೆದು ನೀರಿನೊಡನೆ ಅದನ್ನು ಒಳಕ್ಕೆ ಹೀರುತ್ತದೆ, ಹಿಡಿಸದಿದ್ದರೆ ಮರುಕ್ಷಣವೇ ಉಗುಳುತ್ತದೆ. ಆ ಕ್ಷಣವನ್ನು ನಾವು ಅರಿಯುವುದು ಹೇಗೆ? ಸಲಕರಣೆಯ ಸಿದ್ಧತೆಯೆಲ್ಲವೂ ಈ ಒಂದು ಪ್ರಶ್ನೆಗೆ ಉತ್ತರ.

ಮೊದಲು ಕೋಲನ್ನು ನೋಡೋಣ. ರಂಧ್ರವು ಕಾಲ ಬುಡದಲ್ಲೇ ಇರುವುದರಿಂದ ಗಾಳವನ್ನು ದೂರ ಎಸೆಯಬೇಕಾಗಿಲ್ಲ. ಎರಡರಿಂದ ಎರಡೂವರೆ ಅಡಿ ಉದ್ದದ, ತುದಿ ತೀರ ಮೃದುವಾದ ಕೋಲು ಸಾಕು. ಕೋಲಿನ ತುದಿಗೆ ಹಲವರು ತೆಳುವಾದ ಉಕ್ಕಿನ ತಂತಿಯೊಂದನ್ನು ಸ್ಪ್ರಿಂಗಿನಂತೆ ಜೋಡಿಸಿ, ಅದರ ಕೊನೆಯ ಉಂಗುರದ ಮೂಲಕ ದಾರವನ್ನು ಹಾಯಿಸುತ್ತಾರೆ. ಒಂದು ಕೊನೆಯಲ್ಲಿ ಬಿಗಿದ ತಂತಿಯ ಬಾಗುವಿಕೆಯು ಅದರ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದವನ್ನು ಇಮ್ಮಡಿ ಮಾಡಿದರೆ ಅದೇ ಭಾರಕ್ಕೆ ಎಂಟು ಪಟ್ಟು ಬಾಗುತ್ತದೆ. ಆದುದರಿಂದ ತಂತಿಯನ್ನು ತುಸುವೇ ಮುಂದಕ್ಕೆ ಚಾಚಿ ಅಥವಾ ಹಿಂದಕ್ಕೆ ಸರಿಸಿ, ಎರೆಯ ಭಾರಕ್ಕೆ ಅದು ಸ್ವಲ್ಪ ಮಾತ್ರ ಬಾಗಿ ನಿಲ್ಲುವಂತೆ ಹೊಂದಿಸಬೇಕು. ಮೀನು ಎರೆಯನ್ನು ಕೆಳಕ್ಕೆಳೆದರೆ ತಂತಿ ಇನ್ನಷ್ಟು ಬಾಗುತ್ತದೆ. ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲೆದ್ದರೆ ಭಾರ ತಪ್ಪಿ ತಂತಿ ನೆಟ್ಟಗಾಗುತ್ತದೆ. ಈ ಎರಡನೆಯ ಸೂಚನೆಯನ್ನು ಹೊಸಬರು ಕಾಣುವುದೇ ಇಲ್ಲ. ಹಳಬರು ಅದಕ್ಕಾಗಿಯೇ ಕಾಯುತ್ತಾರೆ.

ದಾರವು ೨ರಿಂದ ೪ ಪೌಂಡು ತಾಳುವಷ್ಟಿದ್ದರೆ ಸಾಕು. ೨ ಪೌಂಡಿನ ನೈಲಾನ್ ದಾರದ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ದಪ್ಪ ದಾರವು ಚಳಿಗೆ ಬಿರುಸಾಗಿ ಸುರುಳಿ ಸುರುಳಿಯಾಗಿಯೇ ನಿಲ್ಲುತ್ತದೆ. ಹಗುರವಾದ ಎರೆಗೆ ಅದನ್ನು ನೇರಮಾಡುವ ಶಕ್ತಿಯಿಲ್ಲ. ದಾರ ನೇರವಾಗಿರದಿದ್ದರೆ ಮೀನಿನ ಸುಳಿವು ಕೋಲಿನವರೆಗೆ ಬರುವುದೇ ಇಲ್ಲ. ಫ್ಲೋರೋಕಾರ್ಬನ್ ಎಂಬ ಪದಾರ್ಥದ ದಾರಕ್ಕೆ ಇನ್ನೊಂದು ಅನುಕೂಲವಿದೆ. ನೀರಿನ ವಕ್ರೀಭವನಾಂಕ ೧.೩೩, ಇದರದು ಸುಮಾರು ೧.೪೨, ನೈಲಾನಿನದು ಸುಮಾರು ೧.೫೩. ಅಂಕಗಳು ಹತ್ತಿರವಾದಷ್ಟೂ ದಾರವು ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ.

ಇನ್ನು ಎರೆ. 'ಜಿಗ್' ಎಂದು ಕರೆಯುವ ಇದು ಕೊಕ್ಕೆಯ ಮೇಲೆ ಕೂರಿಸಿದ ಒಂದು ಸಣ್ಣ ಲೋಹದ ಗುಂಡು. ತೂಕ ಒಂದು ಗ್ರಾಮಿನ ಆಸುಪಾಸು. ಮೀನು ಸುಲಭವಾಗಿ ಹೀರುವಂತೆ ಅದು ಚಿಕ್ಕದಾಗಿರಬೇಕು. ದಾರವನ್ನು ನೇರವಾಗಿಡುವಂತೆ ಭಾರವಾಗಿಯೂ ಇರಬೇಕು. ಈ ಎರಡನ್ನೂ ಕೂಡಿಸುವ ಗುಣವೇ ಸಾಂದ್ರತೆ. ಸೀಸದ ಸಾಂದ್ರತೆ ೧೧.೩, ಟಂಗ್‌ಸ್ಟನ್ನಿನದು ೧೯.೩. ಒಂದು ಗ್ರಾಂ ಸೀಸದ ಗುಂಡಿನ ವ್ಯಾಸ ೫.೫ ಮಿಲಿಮೀಟರಾದರೆ, ಅಷ್ಟೇ ತೂಕದ ಟಂಗ್‌ಸ್ಟನ್ ಗುಂಡಿನದು ೪.೬ ಮಾತ್ರ. ಸೀಸವನ್ನು ಬಿಡಲು ಇದಕ್ಕಿಂತ ಗುರುತರವಾದ ಕಾರಣವೊಂದುಂಟು. ಕಳಚಿಬಿದ್ದ ಸೀಸವನ್ನು ನುಂಗಿದ ಲೂನ್ ಎಂಬ ಮುಳುಗುವ ಹಕ್ಕಿಗಳು ವಿಷವೇರಿ ಸಾಯುತ್ತವೆ. ಆದಕಾರಣ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಸೀಸದ ಸಣ್ಣ ಗುಂಡುಗಳನ್ನೂ ಜಿಗ್‌ಗಳನ್ನೂ ಬಳಸುವುದು ಕಾನೂನಿಗೆ ವಿರುದ್ಧ.

ಜಿಗ್‌ನ ಕೊಕ್ಕೆಗೆ ಒಂದು ಹುಳುವನ್ನು ಸಿಕ್ಕಿಸುವುದು ವಾಡಿಕೆ. ಹೆಚ್ಚಾಗಿ ಬಳಸುವುದು ಮೇಣದ ಪತಂಗದ ಮರಿಹುಳು. ಜೇನುಗೂಡನ್ನು ಕೊರೆದು ಹಾಳುಮಾಡುವ ಈ ಹುಳು ನಮ್ಮ ಕೊಡಗು, ಮಲೆನಾಡುಗಳ ಜೇನುಸಾಕಣೆಗಾರರಿಗೂ ಪರಿಚಿತವೇ. ದಾರದ ಗಂಟನ್ನು ಜಿಗ್‌ನ ಕಣ್ಣಿನ ಮೇಲ್ಭಾಗಕ್ಕೆ ಸರಿಸಿ, ಅದು ಅಡ್ಡವಾಗಿ ತೂಗುವಂತೆ ಮಾಡಬೇಕು. ರೀಲಿನಿಂದ ಬಿಚ್ಚುವಾಗ ದಾರಕ್ಕೆ ಹುರಿ ಬಿದ್ದಿದ್ದರೆ ಜಿಗ್ ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಯಾವ ಹುಳುವೂ ಹಾಗೆ ತಿರುಗುವುದಿಲ್ಲವಾದ್ದರಿಂದ ಮೀನು ದೂರವೇ ಉಳಿಯುತ್ತದೆ. ತಿರುಗುವುದು ನಿಲ್ಲುವವರೆಗೆ ಕಾದು, ಎರೆಯನ್ನು ಮೀನಿಗಿಂತ ಸ್ವಲ್ಪ ಮೇಲೆಯೇ ಇರಿಸಿ, ಮೆಲ್ಲನೆ ನಡುಗಿಸಿ, ಮತ್ತೆ ನಿಶ್ಚಲವಾಗಿ ಹಿಡಿಯಬೇಕು. ಮೀನು ಬಾಯಿ ತೆರೆಯುವುದು ಬಹುಮಟ್ಟಿಗೆ ಆ ನಿಶ್ಚಲತೆಯಲ್ಲಿಯೇ.

ಇಷ್ಟೆಲ್ಲ ಸಿದ್ಧಪಡಿಸಿಕೊಂಡು ಹೊರಟವನು ಇನ್ನೊಂದನ್ನು ಮರೆತರೆ ಜೀವಕ್ಕೇ ಅಪಾಯ. ನಡೆದುಹೋಗಲು ಹೊಸದಾದ, ತಿಳಿಯಾದ ಮಂಜುಗಡ್ಡೆ ಕನಿಷ್ಠ ೪ ಅಂಗುಲ ದಪ್ಪವಿರಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಯ ಬಲ ಅದರ ಅರ್ಧದಷ್ಟೇ. ಅಲ್ಲಿ ದಪ್ಪವು ಇಮ್ಮಡಿಯಾಗಿರಬೇಕು. ಒಂದೆಡೆ ಅಡಿ ದಪ್ಪವಿದ್ದ ಗಡ್ಡೆ, ತೊರೆ ಬಂದು ಸೇರುವೆಡೆಯಲ್ಲಿ ಅಥವಾ ತಳದಿಂದ ಊಟೆ ಚಿಮ್ಮುವೆಡೆಯಲ್ಲಿ ಒಂದೆರಡು ಅಂಗುಲವೇ ಇರಬಹುದು. ಮೇಲಿನ ಹಿಮದ ಹೊದಿಕೆಯಿಂದ ಅದು ಕಾಣುವುದೂ ಇಲ್ಲ. ಅನುಭವಸ್ಥರು ಒಬ್ಬರೇ ಹೋಗುವುದಿಲ್ಲ. ಬಿದ್ದರೆ ಗಡ್ಡೆಗೆ ನಾಟಿಸಿ ಮೇಲೇರಲೆಂದು ಎರಡು ಮೊಳೆಯ ಹಿಡಿಗಳನ್ನು ಕೊರಳಿಗೆ ತೂಗಹಾಕಿಕೊಂಡಿರುತ್ತಾರೆ. ದಡದಿಂದ ಮುಂದಡಿಯಿಡುತ್ತ ಅಲ್ಲಲ್ಲಿ ಕೊರೆದು ದಪ್ಪವನ್ನು ಅಳೆಯುತ್ತಾರೆ. ಗಾಳ ಬಿಡುವ ರಂಧ್ರಕ್ಕಿಂತ ಮೊದಲು ಕೊರೆಯಬೇಕಾದದ್ದು ಈ ಅಳತೆಯ ರಂಧ್ರ.