ಕಥೆ ಕೇಳಿದ ಮಗು ಎದ್ದು ಕುಣಿಯಲಿ: ಮಾಡಬೇಕಾದ್ದು, ಮಾಡಬಾರದ್ದು

ಅಂಗನವಾಡಿ, ನಲಿ-ಕಲಿ ತರಗತಿ, ಊರ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಪುಸ್ತಕ ಓದಿ ಹೇಳುವವರು ಗಮನಿಸಿ. ಮನೆಯಲ್ಲಿ ಓದಿ ಹೇಳುವವರಿಗೂ ಇದೇ ನಿಯಮ.

ಮಾಡಬೇಕಾದ್ದು

ಮೊದಲು ಜಾಗ ಮಾಡಿ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲ ಒದ್ದೆಯಿದ್ದರೆ ಒರೆಸಿ.

ಮೈಕೈ ಆಡಿಸುವ ಪುಸ್ತಕವನ್ನೇ ಆರಿಸಿ. ಎರಿಕ್ ಕಾರ್ಲ್ ಅವರ 'ಫ್ರಮ್ ಹೆಡ್ ಟು ಟೋ' (1997) ಇದಕ್ಕೆಂದೇ ಇದೆ: ಪೆಂಗ್ವಿನ್ ತಲೆ ತಿರುಗಿಸುತ್ತದೆ, ಜಿರಾಫೆ ಕುತ್ತಿಗೆ ಬಾಗಿಸುತ್ತದೆ, ಮಗು ತಾನೂ ಮಾಡಿ ತೋರಿಸಬೇಕು. ಅದು ಸಿಗದಿದ್ದರೆ ಕೊರಗಬೇಡಿ, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೆಯಲ್ಲ! ಅಲ್ಲಿನ ಇಲಿಗಳಷ್ಟು ಓಡುವವರು ಬೇರೆ ಯಾರಿದ್ದಾರೆ? ಒಬ್ಬರು ಜೋಗಿ, ಉಳಿದವರೆಲ್ಲ ಇಲಿ. ಸಣ್ಣಿಲಿಗಳು ತುದಿಗಾಲಲ್ಲಿ, ದೊಡ್ಡಿಲಿಗಳು ಧಪಧಪ ಹೆಜ್ಜೆಯಲ್ಲಿ ಗೋಡೆಯಿಂದ ಗೋಡೆಗೆ ಓಡಲಿ. ಜೋಗಿ ಕಿಂದರಿ ಬಾರಿಸುವುದು ನಿಂತರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು.

ನೀವೂ ಎದ್ದು ಮಾಡಿ. ಕುರ್ಚಿಯಲ್ಲಿ ಕೂತು "ಹಾರಿ, ಹಾರಿ" ಎಂದರೆ ಯಾವ ಮಗುವೂ ಹಾರದು. ಮಂಡಿನೋವಿದ್ದವರು ಕೈ ಬೀಸಿದರೂ ಸಾಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಥೆಯಾಟ ಅದಕ್ಕೆ ಮುಂಗಡ ಮಾತ್ರ. ಓದು ಮುಗಿದ ಕೂಡಲೇ ಮಕ್ಕಳನ್ನು ಅಂಗಳಕ್ಕೆ ಬಿಡಿ.

ಕೈ ತೊಳೆಯುವ ಕಥೆಯನ್ನು ಊಟಕ್ಕೆ ಮುಂಚೆ, ನಲ್ಲಿಯ ಹತ್ತಿರವೇ ಓದಿ. ಸೋಪು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕನಿಷ್ಠ 20 ಸೆಕೆಂಡು ಉಜ್ಜಬೇಕು. ಅಷ್ಟು ಹೊತ್ತು ಕಥೆಯ ಒಂದು ಸಾಲನ್ನೇ ಹಾಡಿಸಿ.

ಮಾಡಬಾರದ್ದು

"ಈ ಕಥೆಯಿಂದ ಏನು ಕಲಿತಿರಿ?" ಎಂದು ಕೇಳಕೂಡದು.

ತಿಂಡಿಯ ಹೆಸರಲ್ಲಿ ಹೆದರಿಸಬೇಡಿ. ಎರಿಕ್ ಕಾರ್ಲ್ ಅವರದೇ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (1969) ಪುಸ್ತಕದಲ್ಲಿ ಹುಳು ಶನಿವಾರ ಕೇಕು, ಐಸ್‌ಕ್ರೀಮು ಎಲ್ಲ ತಿಂದು ಹೊಟ್ಟೆನೋವು ತಂದುಕೊಳ್ಳುತ್ತದೆ, ಮಾರನೇ ದಿನ ಎಲೆ ತಿಂದು ಹುಷಾರಾಗುತ್ತದೆ. ಕಾರ್ಲ್ ಅಷ್ಟಕ್ಕೇ ಬಿಟ್ಟಿದ್ದಾರೆ, ನೀವೂ ಬಿಡಿ. ಮಕ್ಕಳು ಕೇಕಿನ ಚಿತ್ರದ ಮೇಲೇ ಬೆರಳಿಡುತ್ತಾರೆ. ಇಡಲಿ.

ದಪ್ಪಗಿರುವ ಮಗುವನ್ನೇ ಹುಡುಕಿ ಆನೆ ಮಾಡುವುದು ಸುತರಾಂ ಕೂಡದು. ಕಿಂದರಿಜೋಗಿಯ ಕೊನೆಯಲ್ಲಿ ಹಿಂದುಳಿಯುವ ಕುಂಟ ಹುಡುಗನ ಪಾತ್ರವನ್ನು ಕಾಲಿನ ತೊಂದರೆಯಿರುವ ಮಗುವಿಗೆ ಕೊಡಲೇಬಾರದು. ಆ ಮಗುವೇ ಜೋಗಿಯಾಗಲಿ, ಇಡೀ ಹಿಂಡು ಅದರ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕಲಿ.

ಗಲಾಟೆ ಮಾಡಿದ ಮಗುವನ್ನು ಆಟದ ಪೀರಿಯಡ್‌ನಲ್ಲಿ ಪುಸ್ತಕ ಕೊಟ್ಟು ಒಳಗೆ ಕೂರಿಸಬೇಡಿ. ಆಟವೂ ಹೋಯಿತು, ಪುಸ್ತಕದ ಮೇಲೂ ಸಿಟ್ಟು ಬಂತು.

ಊಟವಾದ ಕೂಡಲೇ, ಮಲಗುವ ಹೊತ್ತಿಗೆ ಜಿಗಿತದ ಕಥೆ ಬೇಡ.

ಕೊಳೆಯಾಗುತ್ತದೆ, ಹರಿಯುತ್ತದೆ ಎಂದು ಪುಸ್ತಕದ ಬೀರುವಿಗೆ ಬೀಗ ಜಡಿಯಬಾರದು. ಹರಿದ ಪುಟವನ್ನು ಅಂದೇ ಅಂಟಿಸಿ. ಟೇಪು, ಕತ್ತರಿ ಮಕ್ಕಳ ಕೈಗೆಟುಕದಂತೆ ಬೀರುವಿನ ಮೇಲಿರಲಿ.