ದೊಡ್ಡ ಅಳತೆಯ ಮಾದರಿ ವಿಮಾನ : ಒಂದು ಅಭ್ಯಾಸ

ಮಾದರಿ ವಿಮಾನವೆಂದೊಡನೆ ಅದು ಮಕ್ಕಳ ಆಟಿಕೆಯೆಂದು ನಗುವವರುಂಟು. ಅಂಗೈಯಲ್ಲಿ ಹಿಡಿಸುವ ಚಿಕ್ಕ ಮಾದರಿಗಳ ಮಟ್ಟಿಗೆ ಆ ನಗೆಗೆ ಸ್ವಲ್ಪ ಆಧಾರವಿದ್ದೀತು. ಆದರೆ ನಿಜವಾದ ವಿಮಾನದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನಷ್ಟಿರುವ ಮಾದರಿಯನ್ನು ನೂರಾರು ಬಿಡಿಭಾಗಗಳಿಂದ ಜೋಡಿಸುವುದು ಬೇರೆಯೇ ಕೆಲಸ. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಇದಕ್ಕೆ ಕೈಹಾಕಿದ್ದೇಕೆಂದು ಗೆಳತಿಯರು ಕೇಳಿದ್ದಾರೆ. ಕಾರಣ ಸರಳವಾದುದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ನಾವು ಅವರನ್ನು ತಾತ ಎಂದೇ ಕರೆಯುವುದು. ಹೊರದೇಶದಲ್ಲಿರುವ ಮಗ ತಂದುಕೊಟ್ಟ ಇಂಥದೊಂದು ಕಿಟ್ಟಿನ ಪೆಟ್ಟಿಗೆ ಅವರ ಮನೆಯಲ್ಲಿತ್ತು. ಆದರೆ ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಇರುವ ದೃಷ್ಟಿಯಲ್ಲೇ ಅದು ಎದ್ದುನಿಂತುದನ್ನು ನೋಡಬೇಕೆಂಬುದು ಅವರ ಆಸೆ. "ಕೈ ನಿಂದು, ಕೆಲಸ ನಂದು ಕಣಮ್ಮ" ಎಂದರು. ಒಪ್ಪಿಕೊಂಡೆ.

ಪೆಟ್ಟಿಗೆಯಲ್ಲಿದ್ದುದು ಜರ್ಮನಿಯ ಫೋಕ್-ವುಲ್ಫ್ 190 ಎಂಬ ಯುದ್ಧವಿಮಾನ. ಅದನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಮೊದಲು ಹಾರಿದ್ದು 1939ರ ಜೂನ್ 1ರಂದು. ಮಹಾಯುದ್ಧ ಮುಗಿದ ಮೇಲೆ ಟ್ಯಾಂಕ್ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಎಫ್. 24 ಮಾರುತ್ ಜೆಟ್ ವಿಮಾನವು 1961ರ ಜೂನ್ 17ರಂದು ಮೊದಲ ಹಾರಾಟ ನಡೆಸಿತು. ತಾತನವರು ಯೌವನದಲ್ಲಿ ರಿವೆಟ್ ಬಡಿದದ್ದು ಆ ಮಾರುತ್‌ಗೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತ್ ವಿಮಾನವನ್ನು ನೀವೂ ನೋಡಿರಬಹುದು. ಆದುದರಿಂದ ಈ ಜರ್ಮನ್ ವಿಮಾನ ಅವರಿಗೆ ತೀರ ಪರಕೀಯವಲ್ಲ. ಒಂದೇ ಮನೆತನದ ಅಣ್ಣನಿದ್ದಂತೆ.

ಇನ್ನು ಅಳತೆಯ ಲೆಕ್ಕಕ್ಕೆ ಬರೋಣ. ನಿಜವಾದ ವಿಮಾನದ ರೆಕ್ಕೆಗಳ ಹರವು ಸುಮಾರು 10.5 ಮೀಟರ್. ಅದನ್ನು 24ರಿಂದ ಭಾಗಿಸಿದರೆ 44 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಹೆಚ್ಚು ಪ್ರಚಾರದಲ್ಲಿರುವ ಎಪ್ಪತ್ತೆರಡರಲ್ಲಿ ಒಂದರ ಅಳತೆಯಲ್ಲಾದರೆ 15 ಸೆಂಟಿಮೀಟರ್ ಮಾತ್ರ. ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆ 1970ರಲ್ಲಿ ಸ್ಪಿಟ್‌ಫೈರ್ ವಿಮಾನದ ಕಿಟ್ಟನ್ನು ಈ ದೊಡ್ಡ ಅಳತೆಯಲ್ಲಿ ಹೊರತಂದಿತು. ಉದ್ದ ಮೂರು ಪಾಲು ಹೆಚ್ಚಿದರೆ ಕಷ್ಟವೂ ಮೂರು ಪಾಲು ಎಂದು ತಿಳಿಯಬಾರದು. ಮೇಲ್ಮೈ ಒಂಬತ್ತು ಪಾಲು, ಗಾತ್ರ ಇಪ್ಪತ್ತೇಳು ಪಾಲು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದುದು ನೋಡುವವನ ದೂರ. ಚಿಕ್ಕ ಮಾದರಿಯನ್ನು ಒಂದು ಅಡಿಯಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿಯಿಂದ ನೋಡಿದಂತೆ. ದೊಡ್ಡದರಲ್ಲಿ ನಾವು 24 ಅಡಿಯಲ್ಲೇ ನಿಂತುಬಿಡುತ್ತೇವೆ. ಅಷ್ಟು ಹತ್ತಿರದಿಂದ ಹೊಗೆಕೊಳವೆಗಳನ್ನು ಎಣಿಸಬಹುದು. ಚಿಕ್ಕದರಲ್ಲಿ ಗೊತ್ತಿಲ್ಲದೆಯೂ ನಡೆದುಹೋಗುವ ಸಂಗತಿಗಳು ಇಲ್ಲಿ ಗೊತ್ತಿರಲೇಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕಿಟ್ಟಿನ ಪ್ಲಾಸ್ಟಿಕ್ ಗೋಡೆಯ ದಪ್ಪ ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲ. ನಿಜವಾದ ವಿಮಾನಕ್ಕೆ ಹೋಲಿಸಿದರೆ ಅದು 24 ಮಿಲಿಮೀಟರ್ ದಪ್ಪದ ತಗಡಾಯಿತು! ವಿಮಾನವೇನು, ಸೇತುವೆಗೂ ಸಾಲುವಷ್ಟು ದಪ್ಪ. ಚಕ್ರಗಳು ಒಳಸರಿಯುವ ಗೂಡಿನ ಬಾಯಿ, ರೆಕ್ಕೆಯ ಹಿಂಭಾಗದ ಅಂಚು, ಇವುಗಳಲ್ಲಿ ಈ ದಪ್ಪ ಎದ್ದು ಕಾಣುತ್ತದೆ. ಆದುದರಿಂದ ಅಂಚುಗಳನ್ನು ಒಳಗಿನಿಂದ ಮರಳು ಕಾಗದದಲ್ಲಿ ಉಜ್ಜಿ ತೆಳುವಾಗಿಸಬೇಕು. ನಾವು ಇದಕ್ಕೆ ಎರಡು ವಾರ ಹಿಡಿದೆವು. ತಾತನವರು ಇಲ್ಲಿ ಕಣ್ಣನ್ನು ನೆಚ್ಚಲಿಲ್ಲ. ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಎಳೆದು, "ಇಲ್ಲೊಂಚೂರು" ಎನ್ನುತ್ತಿದ್ದರು. ಬೆಳಕಿಗೆ ಹಿಡಿದು ನೋಡಿದರೆ ಆ ಒಂಚೂರು ನಿಜವಾಗಿಯೂ ಅಲ್ಲಿರುತ್ತಿತ್ತು.

ಈ ವಿಮಾನದ ಅತ್ಯಂತ ರಸವತ್ತಾದ ಭಾಗ ಅದರ ಇಂಜಿನ್. ಹೆಸರು ಬಿ.ಎಂ.ಡಬ್ಲ್ಯೂ. 801. ಗಾಳಿಯಿಂದ ತಣಿಯುವ 14 ಸಿಲಿಂಡರುಗಳು ಏಳೇಳರಂತೆ ಎರಡು ಸಾಲಿನಲ್ಲಿ ನಕ್ಷತ್ರಾಕಾರವಾಗಿ ನಿಂತಿವೆ. ಏಳೇ ಏಕೆ, ಎಂಟೇಕಿಲ್ಲ? ನಾಲ್ಕು ಹೊಡೆತಗಳ ಇಂಜಿನ್ನಿನಲ್ಲಿ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಮ್ಮೆ ಸಿಡಿಯಬೇಕು. ಒಂದು ಬಿಟ್ಟು ಒಂದು ಸಿಡಿಯುತ್ತ ಬಂದರೆ 1, 3, 5, 7 ಆದ ಮೇಲೆ 2, 4, 6 ತಾನಾಗಿ ಬಂದು ಕ್ರಮ ತಪ್ಪದೆ ಸಾಗುತ್ತದೆ. ಸಮಸಂಖ್ಯೆಯಾದರೆ ಈ ಸರಣಿ ಕೂಡುವುದಿಲ್ಲ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗ ಸೇರಿದ ನಮ್ಮಂಥವರಿಗೂ ಬೆರಳೆಣಿಸಿ ತಿಳಿಯುವ ಸಂಗತಿ ಇದು. ಇಂಜಿನ್ನಿನ ಮುಂದೆ ಗಾಳಿಯನ್ನು ಒಳಕ್ಕೆ ದೂಡುವ ಬೀಸಣಿಗೆಯೊಂದಿದೆ. ಅದರ ಮೇಲೆ ಕವಚ ಮೈಗಂಟಿದ ಅಂಗಿಯಂತೆ ಕೂರುತ್ತದೆ. ಇಂಜಿನ್ ಒಂದು ಮಿಲಿಮೀಟರ್ ಓರೆಯಾದರೂ ಕವಚ ಮುಚ್ಚುವುದಿಲ್ಲ. ಆದುದರಿಂದ ಸೂಚನಾಪತ್ರದಲ್ಲಿರುವ ಕ್ರಮವನ್ನು ಕಣ್ಣು ಮುಚ್ಚಿ ಅನುಸರಿಸಬಾರದೆಂಬುದು ನನ್ನ ಅಭಿಪ್ರಾಯ. ಇಂಜಿನ್, ಅದರ ಆಧಾರ, ಕವಚ ಮೂರನ್ನೂ ಅಂಟಿಲ್ಲದೆ ಒಮ್ಮೆ ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿ ನೋಡಿದ ಮೇಲೆಯೇ ಅಂಟಿನ ಶೀಸೆ ತೆರೆಯಬೇಕು. ಈ ಅಂಟು ಗೋಂದಿನ ಜಾತಿಯದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಒಮ್ಮೆ ಬೆಸೆದುದನ್ನು ಬಿಡಿಸುವ ಮಾತಿಲ್ಲ.

ಇಲ್ಲಿ ನಮ್ಮಿಬ್ಬರಿಗೆ ಒಂದು ವಾದ ನಡೆಯಿತು. ಪೈಲಟ್ಟಿನ ಆಸನದ ಹಿಂದೆ, ಒಡಲೊಳಗೆ ಕಾಣದಂತೆ ಮುಚ್ಚಿಹೋಗುವ ಭಾಗಗಳಿಗೆ ಬಣ್ಣ ಹಾಕುವುದು ವ್ಯರ್ಥವೆಂದು ನಾನು ಹೇಳಿದೆ. ತಾತನವರು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಯಾವ ತಗಡನ್ನು ಮುಚ್ಚುವ ಮುಂಚೆಯೂ ತಪಾಸಣೆಗಾರ ಬಂದು ನೋಡಿ ರುಜು ಹಾಕಬೇಕಿತ್ತಂತೆ. "ಮುಚ್ಚಿದ ಮೇಲೆ ಯಾರೂ ನೋಡಲ್ಲ, ಅದಕ್ಕೇ ಈಗ ನೋಡ್ಬೇಕು" ಎಂದರು. ಹಾರುವ ವಿಮಾನಕ್ಕೆ ಆ ನಿಯಮ ಸರಿ. ಕಪಾಟಿನಲ್ಲಿ ನಿಲ್ಲುವ ಮಾದರಿಗೇಕೆಂದು ನನಗೆ ಇಂದಿಗೂ ಸಂದೇಹವುಂಟು. ಬಣ್ಣವನ್ನಂತೂ ಹಾಕಿದ್ದಾಯಿತು. ಕೊನೆಯ ತುಂಡು ಮುಚ್ಚುವ ಮುನ್ನ ಅವರು ದೀಪ ಹಿಡಿಸಿ, ಭೂತಗನ್ನಡಿ ಇಟ್ಟು, ಒಳಗೆ ಬಹಳ ಹೊತ್ತು ನೋಡಿದರು.

ರೆಕ್ಕೆಗಳನ್ನು ಕೂಡಿಸುವಾಗ ನೆರವಾದವರು ನನ್ನ ತಂದೆ. ಅವರದು ಗಾರೆ ಕೆಲಸ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಲು ಹತ್ತಿದವಳು ನಾನೇ ಮೊದಲಿಗಳು. ಆದರೆ ರೇಖಾಗಣಿತ ನನಗಿಂತ ಮುಂಚೆಯೇ ಮನೆಯಲ್ಲಿತ್ತು. ಕೋಣೆ ಮೂಲೆಮಟ್ಟಕ್ಕಿದೆಯೇ ಎಂದು ತಿಳಿಯಲು ಅವರು ಎದುರುಬದುರು ಮೂಲೆಗಳಿಗೆ ದಾರ ಹಿಡಿದು ಎರಡು ಕರ್ಣಗಳನ್ನೂ ಅಳೆಯುತ್ತಾರೆ. ಅದೇ ದಾರವನ್ನು ವಿಮಾನದ ಬಾಲದ ನಡುವಿನಿಂದ ಒಂದೊಂದು ರೆಕ್ಕೆಯ ತುದಿಗೂ ಹಿಡಿದರು. ಎರಡೂ ಸಮವಾಗುವ ತನಕ ಅಂಟು ಹಚ್ಚಗೊಡಲಿಲ್ಲ. ರೆಕ್ಕೆಗಳು ತುದಿಯ ಕಡೆಗೆ ಸ್ವಲ್ಪ ಮೇಲೆದ್ದಿರಬೇಕು. ಈ ಏರಿಕೆಯೂ ಎರಡು ಕಡೆ ಒಂದೇ ಸಮನಿರಬೇಕು. ಒಂದು ತುದಿ ಎರಡು ಮಿಲಿಮೀಟರ್ ಹೆಚ್ಚಾದರೆ ನಿಜವಾದ ವಿಮಾನದಲ್ಲಿ ಸುಮಾರು ಎರಡು ಅಂಗುಲದ ಸೊಟ್ಟಾಗುತ್ತದೆ. ಪುಸ್ತಕಗಳನ್ನು ಅಡಿಯಿಟ್ಟು ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಬಿಟ್ಟೆವು.

ಗಾಲಿಗಳ ವಿಷಯದಲ್ಲಿ ಟ್ಯಾಂಕ್ ಅವರ ಬುದ್ಧಿ ಮೆಚ್ಚಬೇಕು. ಒರಟು ನೆಲದಲ್ಲಿಯೂ ಇಳಿಯಲೆಂದು ಅವರು ಕಾಲುಗಳನ್ನು ಅಗಲವಾಗಿ ನಿಲ್ಲಿಸಿದರು. ತಮಗೆ ಬೇಕಾದುದು ಪಂದ್ಯದ ಕುದುರೆಯಲ್ಲ, ದಂಡಿನ ಕುದುರೆ ಎಂಬುದು ಅವರ ಭಾವನೆಯಾಗಿತ್ತು. ಈ ವಿಮಾನ ಬ್ರಿಟಿಷರ ಕೈಗೆ ಇಡಿಯಾಗಿ ಸಿಕ್ಕಿದ್ದೊಂದು ಸ್ವಾರಸ್ಯ: 1942ರ ಜೂನ್ 23ರಂದು ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ದಿಕ್ಕು ತಪ್ಪಿ, ಫ್ರಾನ್ಸೆಂದು ತಿಳಿದು ವೇಲ್ಸಿನ ಪೆಂಬ್ರಿ ನಿಲ್ದಾಣದಲ್ಲಿ ಇಳಿಸಿದನು!

ಇತಿಹಾಸದವಳಾಗಿ ನಾನು ಮರೆಮಾಡಲಾಗದ ಒಂದು ಮಾತಿದೆ. ಇದು ನಾಜಿ ಆಳ್ವಿಕೆಯ ಆಯುಧ. ಅಂದಿನ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಸೆರೆಯಾಳುಗಳನ್ನೂ ಪರದೇಶದವರನ್ನೂ ಬಲವಂತದಿಂದ ದುಡಿಸಲಾಯಿತು. ಯಂತ್ರದ ಚೆಲುವನ್ನು ಹೊಗಳುವಾಗ ಅದನ್ನು ಮರೆತರೆ ನಮ್ಮ ಅಭ್ಯಾಸ ಅರ್ಧವಾಗುತ್ತದೆ. ಬಾಲದ ಮೇಲಿದ್ದ ಅವರ ಸ್ವಸ್ತಿಕದ ಗುರುತನ್ನು ಅನೇಕ ಕಿಟ್ಟುಗಳಲ್ಲಿ ಕೊಡುವುದೇ ಇಲ್ಲ. ಜರ್ಮನಿಯಲ್ಲಿ ಅದರ ಪ್ರದರ್ಶನಕ್ಕೆ ಕಾನೂನಿನ ನಿರ್ಬಂಧವಿದೆ. ನಮ್ಮ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ಕೈಯಿಂದ ಬರೆದು ಪೂರ್ಣಗೊಳಿಸಿದರೆ ಚಾರಿತ್ರಿಕ ಸತ್ಯಕ್ಕೆ ನ್ಯಾಯವೆಂದು ಒಬ್ಬ ಗೆಳತಿ ವಾದಿಸಿದಳು. ಅದು ಬಾಗಿಲ ರಂಗೋಲಿಯ ಸ್ವಸ್ತಿಕವಲ್ಲವೆಂದು ನೋಡಿದವರಿಗೆಲ್ಲ ವಿವರಿಸುತ್ತ ಕೂರುವವರು ಯಾರು? ಬರೆಯಲಿಲ್ಲ.

ಮೇಲಿನ ಬೂದು ಬಣ್ಣ, ಹೊಟ್ಟೆಯ ತಿಳಿನೀಲಿ ಬೂದು, ಎರಡೂ ಒಣಗಿವೆ. ಇನ್ನು ಪೈಲಟ್ಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಉಳಿದಿದೆ. ಅದಕ್ಕೆ ಚುರುಕು ಅಂಟು ಕೂಡದು. ಅದರ ಆವಿ ತಗುಲಿದರೆ ಮುಚ್ಚಳದ ಮೇಲೆ ಬಿಳಿಯ ಪೊರೆ ಕವಿಯುತ್ತದೆ. ಮರಗೆಲಸದ ಫೆವಿಕಾಲನ್ನು ಸೂಜಿಮೊನೆಯಲ್ಲಿ ತೆಗೆದು ಹಚ್ಚಬೇಕು. ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮಾಡತಕ್ಕದ್ದೆಂದು ತಾತನವರ ಅಪ್ಪಣೆಯಾಗಿದೆ.